ನೆಲಗಡಲೆಯ ಬೂಷ್ಟು, ಯಕೃತ್ತಿನ ಗುರುತು

ಭತ್ತದ ಕೊಯ್ಲು ಮುಗಿದ ಮೇಲೆ ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟರೆ ಮರಳುಮಿಶ್ರಿತ ಗದ್ದೆಗಳಲ್ಲಿ ನೆಲಗಡಲೆಯ ಸಾಲುಗಳು ಕಾಣತೊಡಗುತ್ತವೆ. ಮೈಸೂರು ಸೀಮೆಯವರು ಕಡಲೆಕಾಯಿ ಎನ್ನುವ, ಧಾರವಾಡದವರು ಶೇಂಗಾ ಎನ್ನುವ ಬೆಳೆ ಇದೇ. ನಾಗೂರು, ಕಿರಿಮಂಜೇಶ್ವರ, ಉಪ್ಪುಂದದ ಆಸುಪಾಸಿನಲ್ಲಿ ಗದ್ದೆಯಲ್ಲಿ ಉಳಿದ ತೇವವನ್ನು ನೆಚ್ಚಿಕೊಂಡು ಇದನ್ನು ಬಿತ್ತುತ್ತಾರೆ. ಬೇಸಿಗೆ ಬಲಿಯುವ ಹೊತ್ತಿಗೆ ಗಿಡ ಕಿತ್ತು, ಕಾಯಿ ಬಿಡಿಸಿ, ಅಂಗಳದಲ್ಲಿ ಹರಡಿ ಒಣಗಿಸುತ್ತಾರೆ. ಬಿಸಿಲು ಸರಿಯಾಗಿದ್ದರೆ ಚಿಂತೆಯಿಲ್ಲ. ನಡುವೆ ಒಂದು ಅಕಾಲದ ಮಳೆ ಸುರಿದು, ಹಸಿ ಕಾಯಿ ಚೀಲ ಸೇರಿತೆನ್ನಿ. ಕೆಲವು ಕಾಯಿಗಳ ಒಳಗೆ ಹಳದಿ ಮಿಶ್ರಿತ ಹಸಿರು ಬೂಷ್ಟು ಏಳುತ್ತದೆ. ಅಂಥ ಬೀಜ ಬಾಯಿಗೆ ಸಿಕ್ಕಿದರೆ ಮುಖ ಹುಳ್ಳಗೆ ಮಾಡಿ ಉಗಿದುಬಿಡುತ್ತೇವೆ.

ಈ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದರ ಕೆಲವು ತಳಿಗಳು ತಯಾರಿಸುವ ವಿಷ ಅಫ್ಲಾಟಾಕ್ಸಿನ್. ಮನುಷ್ಯನ ಯಕೃತ್ತಿನಲ್ಲಿ (ಆಡುಮಾತಿನ ಲಿವರ್) ಕ್ಯಾನ್ಸರ್ ಉಂಟುಮಾಡುವ ನೈಸರ್ಗಿಕ ಪದಾರ್ಥಗಳಲ್ಲಿ ಇದು ಅತ್ಯಂತ ಪ್ರಬಲವಾದವುಗಳ ಸಾಲಿಗೆ ಸೇರಿದೆ. ಕರಾವಳಿಯ ನೆಲಗಡಲೆಯಲ್ಲಿ ವಿಷ ತುಂಬಿದೆ ಎಂಬ ಅರ್ಥ ಇದಕ್ಕೆ ಬೇಡ. ಬೆಚ್ಚಗಿನ, ಆರ್ದ್ರ ಹವೆ ಇರುವ ಯಾವ ಊರಿನಲ್ಲೂ, ನೆಲಗಡಲೆಯಲ್ಲಷ್ಟೇ ಅಲ್ಲದೆ ಮೆಕ್ಕೆಜೋಳ, ಕೊಬ್ಬರಿ, ಒಣಮೆಣಸಿನಲ್ಲೂ ಇದು ಬೆಳೆಯಬಲ್ಲದು.

ಕಾಳಿನಲ್ಲಿ ವಿಷ ಎಷ್ಟಿದೆ ಎಂದು ಅಳೆಯುವುದು ರಸಾಯನ ವಿಜ್ಞಾನಿಗೆ ಬಹಳ ಹಿಂದೆಯೇ ಸಾಧ್ಯವಾಯಿತು. ಆದರೆ ಅದನ್ನು ತಿಂದ ಮನುಷ್ಯನ ದೇಹಕ್ಕೆ ಎಷ್ಟು ಸೇರಿತು? ಆತನ ಯಕೃತ್ತಿಗೆ ಬಂದ ಕೇಡಿಗೆ ಅದೇ ಕಾರಣವೆಂದು ಹೇಗೆ ಹೇಳುವುದು? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಲು ಮೂವತ್ತು ವರ್ಷ ಹಿಡಿಯಿತು. ಆ ಕಥೆಯ ಒಂದು ಮುಖ್ಯ ಮತ್ತು ದುಃಖಕರ ಅಧ್ಯಾಯ ನಮ್ಮ ಮೈಸೂರಿನಲ್ಲೇ ನಡೆದಿದೆ.

ಟರ್ಕಿ ಕೋಳಿಗಳಿಂದ ಆರಂಭ

1960ರಲ್ಲಿ ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಟರ್ಕಿ ಕೋಳಿಮರಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಕೆಲವೇ ತಿಂಗಳಲ್ಲಿ ಸತ್ತವುಗಳ ಸಂಖ್ಯೆ ಒಂದು ಲಕ್ಷ ದಾಟಿತು. ಕಾರಣ ಗೊತ್ತಾಗದೆ ಇದನ್ನು 'ಟರ್ಕಿ ಎಕ್ಸ್ ರೋಗ' ಎಂದು ಕರೆದರು. ರೋಗಾಣು ಯಾವುದೂ ಸಿಗಲಿಲ್ಲ. ಕೊನೆಗೆ ಸಂಶಯ ಮೇವಿನ ಮೇಲೆ ಹೋಯಿತು. ಅದರಲ್ಲಿ ಬ್ರೆಜಿಲ್ ದೇಶದಿಂದ ತರಿಸಿದ ನೆಲಗಡಲೆ ಹಿಂಡಿ ಇತ್ತು, ಹಿಂಡಿಯಲ್ಲಿ ಬೂಷ್ಟಿನ ಎಳೆಗಳಿದ್ದವು. ಶಿಲೀಂಧ್ರದ ಹೆಸರಿನ ತುಣುಕುಗಳನ್ನೇ ಜೋಡಿಸಿ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಇಂಥದೇ ಹಿಂಡಿ ತಿಂದ ಇಲಿಗಳ ಯಕೃತ್ತಿನಲ್ಲಿ ಗಡ್ಡೆಗಳು ಬೆಳೆಯುತ್ತವೆ ಎಂದು 1961ರಲ್ಲೇ 'ನೇಚರ್' ಪತ್ರಿಕೆಯಲ್ಲಿ ವರದಿಯಾಯಿತು. ಅಲ್ಲಿಗೆ ಇದು ಕೋಳಿ ಸಾಕುವವರ ಸಮಸ್ಯೆಯಾಗಿ ಉಳಿಯಲಿಲ್ಲ.

ಈ ವಿಷವನ್ನು ಪತ್ತೆಮಾಡುವ ಬಗೆ ಕಾಲೇಜು ವಿದ್ಯಾರ್ಥಿಗಳಿಗೂ ಅರ್ಥವಾಗುವಂಥದು. ಹಿಟ್ಟನ್ನು ಕ್ಲೋರೋಫಾರಂನಲ್ಲಿ ಕಲಕಿ, ಸೋಸಿ, ಒಂದು ಹನಿಯನ್ನು ಸಿಲಿಕಾ ಜೆಲ್ ಲೇಪಿಸಿದ ಗಾಜಿನ ಫಲಕದ ತಳದಲ್ಲಿ ಇಡಬೇಕು. ದ್ರಾವಕ ಫಲಕದ ಮೇಲೆ ಏರುತ್ತ ಹೋದಂತೆ ಹನಿಯಲ್ಲಿದ್ದ ಪದಾರ್ಥಗಳು ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ. ಇದೇ ತೆಳುಪದರ ವರ್ಣರೇಖನ. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದಾಗ ಅಫ್ಲಾಟಾಕ್ಸಿನ್‌ನ ಚುಕ್ಕೆಗಳು ಹೊಳೆಯುತ್ತವೆ. ನೀಲಿಯಾಗಿ ಹೊಳೆದವು ಬಿ, ಹಸಿರಾಗಿ ಹೊಳೆದವು ಜಿ. ಇಂಗ್ಲಿಷಿನ ಬ್ಲೂ, ಗ್ರೀನ್ ಪದಗಳ ಮೊದಲಕ್ಷರಗಳು. ಎಲ್ಲಕ್ಕಿಂತ ಉಗ್ರವಾದದ್ದು ಬಿ1. ಬಿ1 ಇರುವ ಹಿಂಡಿ ತಿಂದ ದನದ ಹಾಲಿನಲ್ಲಿ ಎಂ1 ಎಂಬ ರೂಪಾಂತರ ಕಾಣಿಸುತ್ತದೆ. ಇವುಗಳ ರಾಸಾಯನಿಕ ರಚನೆಯನ್ನು 1963ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಬಿಡಿಸಿದರು.

ಹುರಿದರೆ ವಿಷ ಹೋಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಡುಗೆಯ ಶಾಖಕ್ಕೆ ಬೂಷ್ಟು ಸಾಯುತ್ತದೆ, ವಿಷದ ಹೆಚ್ಚಿನ ಭಾಗ ಉಳಿಯುತ್ತದೆ. ಗಾಣದಲ್ಲಿ ಎಣ್ಣೆ ತೆಗೆದಾಗ ವಿಷದ ಬಹುಪಾಲು ಹಿಂಡಿಯಲ್ಲೇ ನಿಲ್ಲುತ್ತದೆ. ಎಣ್ಣೆ ಹೋಗಿ ತೂಕ ಕಡಿಮೆಯಾಗುವುದರಿಂದ ಹಿಂಡಿಯಲ್ಲಿ ಅದರ ಸಾಂದ್ರತೆ ಕಾಳಿಗಿಂತ ಹೆಚ್ಚು. ಮುಂದಿನ ಕಥೆಗೆ ಈ ಅಂಶ ಮುಖ್ಯ.

ಮೈಸೂರಿನ ಹಿಟ್ಟು

ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದದ್ದು 1950ರಲ್ಲಿ. ಅಂದಿನ ಭಾರತದ ದೊಡ್ಡ ಸಂಕಟಗಳಲ್ಲಿ ಒಂದು ಮಕ್ಕಳ ಪ್ರೋಟೀನ್ ಕೊರತೆ. ಎದೆಹಾಲು ಬಿಡಿಸಿದ ಮೇಲೆ ಬರೀ ಗಂಜಿಯಲ್ಲಿ ಬೆಳೆದ ಮಗುವಿಗೆ ಕೈಕಾಲು ಬಾತು, ಕೂದಲು ಕೆಂಚಾಗಿ, ಚರ್ಮ ಸುಲಿಯುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಇದು ಕ್ವಾಶಿಯೋರ್ಕರ್. ಹಾಲು, ಮೊಟ್ಟೆ ದುಬಾರಿ. ಆದರೆ ನೆಲಗಡಲೆ ಬೆಳೆಯುವುದರಲ್ಲಿ ಭಾರತ ಪ್ರಪಂಚದ ಮುಂಚೂಣಿಯಲ್ಲಿತ್ತು, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೋಟೀನ್ ಹೇರಳವಾಗಿತ್ತು. ಅದನ್ನು ಶುಚಿಯಾಗಿ ತಯಾರಿಸಿ ಮಕ್ಕಳ ಆಹಾರವಾಗಿಸಬಾರದೇಕೆ? ನೆಲಗಡಲೆ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರೆಸಿ ಜೀವಸತ್ವ ಸೇರಿಸಿದ 'ಬಹೂಪಯೋಗಿ ಆಹಾರ' ಹೀಗೆ ಮೈಸೂರಿನಲ್ಲಿ ರೂಪುಗೊಂಡಿತು. ಇದು ದೇಶದ ಬಡ ಮಕ್ಕಳಿಗಾಗಿ ಮಾಡಿದ ಒಳ್ಳೆಯ ವಿಜ್ಞಾನ, ಇದರಲ್ಲಿ ಅನುಮಾನ ಬೇಡ.

ಟರ್ಕಿ ಕೋಳಿಗಳ ಸುದ್ದಿ ಬಂದಾಗ ಈ ಕೆಲಸದಲ್ಲಿದ್ದವರಿಗೆ ಎದೆ ಧಸಕ್ಕೆಂದಿರಬೇಕು. ವಿಶ್ವಸಂಸ್ಥೆಯ ಪ್ರೋಟೀನ್ ಸಲಹಾ ತಂಡ 1960ರ ದಶಕದಲ್ಲಿ, ಮಕ್ಕಳ ಪ್ರೋಟೀನ್ ಆಹಾರದ ಕಿಲೋಗ್ರಾಮಿಗೆ 30 ಮೈಕ್ರೋಗ್ರಾಂ ಮೀರಿ ಅಫ್ಲಾಟಾಕ್ಸಿನ್ ಇರಕೂಡದು ಎಂದು ಮಿತಿ ಹಾಕಿತು. ಒಂದು ಕಿಲೋಗ್ರಾಮಿನಲ್ಲಿ 100 ಕೋಟಿ ಮೈಕ್ರೋಗ್ರಾಂ ಇರುತ್ತವೆ, ಅದರಲ್ಲಿ 30! ವಿಷವನ್ನು ತೊಲಗಿಸುವ ಉಪಾಯವನ್ನೂ ಮೈಸೂರಿನಲ್ಲಿ ಹುಡುಕಿದರು. ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ನೆಲಗಡಲೆ ಹಿಟ್ಟಿನ ಅಫ್ಲಾಟಾಕ್ಸಿನ್ ನಾಶಮಾಡುವ ವಿಧಾನವನ್ನು ವಿ. ಶ್ರೀನಿವಾಸಮೂರ್ತಿ, ಎಚ್.ಎ.ಬಿ. ಪಾರ್ಪಿಯ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದರು.

ಇದೇ ಇಬ್ಬರ ಹೆಸರು 1971ರ ಇನ್ನೊಂದು ಪ್ರಬಂಧದಲ್ಲೂ ಇದೆ. ಅದರ ಮೊದಲ ಲೇಖಕಿ ಮೈಸೂರಿನ ಮಕ್ಕಳ ತಜ್ಞೆ ಐ. ಅಮ್ಲಾ. ಪ್ರಕಟವಾದದ್ದು ಅಮೆರಿಕದ ವೈದ್ಯಕೀಯ ಪೋಷಣ ಪತ್ರಿಕೆಯೊಂದರಲ್ಲಿ. ಕ್ವಾಶಿಯೋರ್ಕರ್‌ನಿಂದ ನರಳುತ್ತಿದ್ದ ಮಕ್ಕಳಿಗೆ ಚಿಕಿತ್ಸೆಯ ಆಹಾರವಾಗಿ ನೆಲಗಡಲೆ ಹಿಟ್ಟು ಕೊಡಲಾಗಿತ್ತು, ಕೆಲವರಿಗೆ ಕೆಲವೇ ದಿನ, ಕೆಲವರಿಗೆ ಒಂದು ತಿಂಗಳವರೆಗೆ. ಆ ಹಿಟ್ಟಿನಲ್ಲಿ ಕಿಲೋಗ್ರಾಮಿಗೆ ಸುಮಾರು 300 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಇತ್ತೆಂದು ತಿಳಿದದ್ದು ಆಮೇಲೆ. ಮಿತಿಯ ಹತ್ತು ಪಟ್ಟು. ದಿನಕ್ಕೆ 50 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ 15 ಮೈಕ್ರೋಗ್ರಾಂ ವಿಷ. ಮಕ್ಕಳ ಯಕೃತ್ತು ಊದಿತು. ಯಕೃತ್ತಿನ ಚೂರನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೊದಲು ಕೊಬ್ಬು, ತಿಂಗಳುಗಳು ಕಳೆದಂತೆ ನಾರು ಕಟ್ಟುವಿಕೆ, ಕೆಲವು ಮಕ್ಕಳಲ್ಲಿ ಸಿರೋಸಿಸ್ ಕಂಡವು. ಸಿರೋಸಿಸ್ ಎಂದರೆ ಮೃದುವಾದ ಯಕೃತ್ತು ಗಾಯದ ಕಲೆಗಳಿಂದ ಗಂಟುಗಂಟಾಗಿ ಗಟ್ಟಿಯಾಗುವುದು.

ತಮ್ಮ ಊರಿನಲ್ಲೇ, ಒಳಿತಿಗೆಂದು ಕೊಟ್ಟ ಆಹಾರದಿಂದಲೇ ಆದ ಅನಾಹುತವನ್ನು ಮುಚ್ಚಿಡದೆ ಜಗತ್ತಿನ ಮುಂದಿಟ್ಟದ್ದು ಸಾಮಾನ್ಯ ಸಂಗತಿಯಲ್ಲ. ವೈದ್ಯರೂ ಆಹಾರ ವಿಜ್ಞಾನಿಗಳೂ ಒಟ್ಟಿಗೆ ಸಹಿ ಹಾಕಿದ ಈ ಪ್ರಬಂಧವನ್ನು ಅಫ್ಲಾಟಾಕ್ಸಿನ್ ಮನುಷ್ಯರಿಗೂ ಅಪಾಯಕರ ಎಂಬುದಕ್ಕೆ ಆರಂಭದ ಸಾಕ್ಷ್ಯಗಳಲ್ಲಿ ಒಂದಾಗಿ ಇಂದಿಗೂ ಉಲ್ಲೇಖಿಸುತ್ತಾರೆ. ನಮ್ಮ ಪಠ್ಯಗಳಲ್ಲಿ ಮಾತ್ರ ಟರ್ಕಿ ಕೋಳಿಗಳಿಗೆ ಸಿಕ್ಕ ಜಾಗ ಮೈಸೂರಿನ ಮಕ್ಕಳಿಗೆ ಸಿಕ್ಕಿಲ್ಲ.

ಆದರೂ ಸಾಕ್ಷ್ಯದಲ್ಲಿ ಒಂದು ಬಿರುಕು ಇತ್ತು. ಆ ಮಕ್ಕಳ ಯಕೃತ್ತು ಅಪೌಷ್ಟಿಕತೆಯಿಂದ ಮೊದಲೇ ಕೆಟ್ಟಿತ್ತು. ಹಿಟ್ಟಿನಲ್ಲಿ ವಿಷವಿತ್ತು ಎಂಬುದು ನಿಜ, ಯಕೃತ್ತು ಹಾಳಾಯಿತು ಎಂಬುದೂ ನಿಜ. ಇವೆರಡರ ನಡುವಿನ ಕೊಂಡಿಯನ್ನು ಒಂದೊಂದು ಮಗುವಿನಲ್ಲೂ ತೋರಿಸುವುದು ಹೇಗೆ? ರೋಗಿಗಳ ಮೂತ್ರದಲ್ಲಿ ನೀಲಿ ಚುಕ್ಕೆ ಹುಡುಕುವ ಪ್ರಯತ್ನಗಳು 1960ರ ದಶಕದಲ್ಲೇ ನಮ್ಮ ದೇಶದಲ್ಲಿ ನಡೆದಿದ್ದವು. ಆದರೆ ನೇರಳಾತೀತ ಬೆಳಕಿಗೆ ನೀಲಿಯಾಗಿ ಹೊಳೆಯುವ ಬೇರೆ ಪದಾರ್ಥಗಳೂ ಮೂತ್ರದಲ್ಲಿರುತ್ತವೆ.

ಈ ಬಿರುಕು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಪಕ್ಕದ ಕಥೆ ಇದೆ. ಆ ಕಾಲದಲ್ಲಿ 'ಭಾರತೀಯ ಬಾಲ್ಯ ಸಿರೋಸಿಸ್' ಎಂಬ ಕಾಯಿಲೆ ಎಳೆಯ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಅದಕ್ಕೂ ಅಫ್ಲಾಟಾಕ್ಸಿನ್ನೇ ಕಾರಣವೆಂದು ಅನೇಕರು ವಾದಿಸಿದರು. ಆದರೆ ಸತ್ತ ಮಕ್ಕಳ ಯಕೃತ್ತಿನಲ್ಲಿ ತಾಮ್ರ ವಿಪರೀತವಾಗಿ ಸಂಗ್ರಹವಾಗಿರುವುದು ಕಂಡುಬಂತು. ಪುಣೆಯ ವೈದ್ಯರಾದ ಭಾವೆ, ಪಂಡಿತ್ ಮತ್ತು ಬ್ರಿಟನ್ನಿನ ಟ್ಯಾನರ್ 1983ರಲ್ಲಿ, ಹಿತ್ತಾಳೆ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿನತ್ತ ಬೆರಳು ತೋರಿಸಿದರು. ಕಲಾಯಿ ಇಲ್ಲದ ಪಾತ್ರೆಯಿಂದ ತಾಮ್ರ ಹಾಲಿಗೆ ಸೇರುತ್ತದೆ. ಮನೆಮನೆಗೆ ಸ್ಟೀಲ್ ಪಾತ್ರೆ ಬಂದ ಹಾಗೆ ಆ ಕಾಯಿಲೆ ಬಹುತೇಕ ಮರೆಯಾಯಿತು. ಒಂದೇ ರೀತಿ ಗಟ್ಟಿಯಾದ ಯಕೃತ್ತು, ಕಾರಣಗಳು ಬೇರೆ ಬೇರೆ. ಕಾರಣದ ಗುರುತು ದೇಹದಲ್ಲೇ ಸಿಕ್ಕಿದ ಕಡೆ ವಾದ ಬೇಗ ಮುಗಿಯಿತು.

1974ರ ಅಕ್ಟೋಬರ್ ಸುಮಾರಿಗೆ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಕಾಮಾಲೆ ಹಬ್ಬಿತು. 397 ಜನ ಕಾಯಿಲೆ ಬಿದ್ದರು, 106 ಮಂದಿ ಸತ್ತರು. ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಊರಿನ ನಾಯಿಗಳೂ ಅದೇ ರೀತಿ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ್ ಭಟ್ ಮತ್ತು ಸಹೋದ್ಯೋಗಿಗಳು ಅಲ್ಲಿಗೆ ಹೋಗಿ ನೋಡಿದಾಗ ಕೊಯ್ಲಿನ ಹೊತ್ತಿನ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ಬೂಷ್ಟು ಹಿಡಿದಿತ್ತು. ಕಿಲೋಗ್ರಾಮಿಗೆ 6ರಿಂದ 15 ಮಿಲಿಗ್ರಾಂ ಅಫ್ಲಾಟಾಕ್ಸಿನ್, ಅಂದರೆ ಮೈಸೂರಿನ ಹಿಟ್ಟಿನ 20ರಿಂದ 50 ಪಟ್ಟು. ಇಲ್ಲಿ ಸಂಶಯಕ್ಕೆ ಎಡೆ ಕಡಿಮೆ. ಆದರೂ ಸಾಕ್ಷ್ಯದ ಭಾರವೆಲ್ಲ ಕಣಜದ ಜೋಳದ ಮೇಲಿತ್ತು. ತಕ್ಷಣ ಕೊಲ್ಲುವ ದೊಡ್ಡ ಪ್ರಮಾಣಕ್ಕೆ ಇಷ್ಟು ಸಾಕು. ದಿನವೂ ಚೂರು ಚೂರಾಗಿ ಸೇರಿ ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ ಕ್ಯಾನ್ಸರ್ ತರುವ ಸಣ್ಣ ಪ್ರಮಾಣವನ್ನು ಕಣಜದಲ್ಲಿ ಹುಡುಕಲಾಗದು. ಆ ಜೋಳವನ್ನು ಎಂದೋ ತಿಂದು ಮುಗಿಸಿರುತ್ತಾರೆ.

ರಕ್ತ ಹೇಳುವ ಕಥೆ

ದೇಹದೊಳಗಿನ ಒಂದು ಘಟನೆಯನ್ನು ಹೊರಗಿನಿಂದ ಅಳೆದು ತಿಳಿಯಲು ನೆರವಾಗುವ ಅಣುವನ್ನು ಜೈವಿಕ ಸೂಚಕ ಅಥವಾ ಬಯೋಮಾರ್ಕರ್ ಎನ್ನುತ್ತಾರೆ. ಯಕೃತ್ತಿನ ಕ್ಯಾನ್ಸರಿನ ಮೊದಲ ಸೂಚಕ ಸಿಕ್ಕಿದ್ದು ಮಾಸ್ಕೋದಲ್ಲಿ. ಗರ್ಭದಲ್ಲಿರುವ ಭ್ರೂಣದ ರಕ್ತದಲ್ಲಿ ಆಲ್ಫಾ-ಫೀಟೋಪ್ರೋಟೀನ್ (ಎಎಫ್‌ಪಿ) ಎಂಬ ಪ್ರೋಟೀನ್ ಇರುತ್ತದೆ, ಹುಟ್ಟಿದ ಮೇಲೆ ಕ್ರಮೇಣ ಇಳಿದುಹೋಗುತ್ತದೆ. ಯಕೃತ್ತಿನ ಗಡ್ಡೆ ಇರುವ ಬೆಳೆದ ಇಲಿಗಳಲ್ಲಿ ಅದು ಮತ್ತೆ ಕಾಣಿಸುವುದನ್ನು ಗ್ಯಾರಿ ಅಬೆಲೆವ್ 1963ರಲ್ಲಿ ತೋರಿಸಿದರು; ಮರುವರ್ಷ ಯೂರಿ ತತಾರಿನೋವ್ ರೋಗಿಯ ರಕ್ತದಲ್ಲಿ ಅದನ್ನು ಕಂಡರು. ಕ್ಯಾನ್ಸರ್ ಕೋಶ ತನ್ನ ಶೈಶವದ ಭಾಷೆಯನ್ನು ಮರಳಿ ಆಡತೊಡಗಿದಂತೆ.

ಎಎಫ್‌ಪಿ ಪರೀಕ್ಷೆ ಈಗ ನಮ್ಮ ಜಿಲ್ಲಾ ಕೇಂದ್ರಗಳ ಪ್ರಯೋಗಾಲಯಗಳಲ್ಲೂ ಲಭ್ಯ. ಆದರೆ ಕ್ಯಾನ್ಸರ್ ಇದ್ದೂ ಅದು ಏರದ ರೋಗಿಗಳು ಅನೇಕರು, ಹೆಪಟೈಟಿಸ್‌ನಿಂದಲೂ ಗರ್ಭಿಣಿಯರಲ್ಲೂ ಅದು ಏರುತ್ತದೆ. ಯಕೃತ್ತಿನ ಕಸಿಯಲ್ಲಿ ಅದಕ್ಕೆ ನಿಧಾನವಾಗಿ ಒಂದು ಜಾಗ ಸಿಕ್ಕಿತು. ಗಡ್ಡೆ ಇರುವ ಯಾರಿಗೆ ಕಸಿ ಮಾಡಿದರೆ ಫಲ? ಇಟಲಿಯ ಮಿಲಾನಿನ ವೈದ್ಯರು 1996ರಲ್ಲಿ ಕೊಟ್ಟ ಸೂತ್ರ ಅಳತೆಯದು: 5 ಸೆಂ.ಮೀ. ಮೀರದ ಒಂದು ಗಡ್ಡೆ, ಇಲ್ಲವೆ 3 ಸೆಂ.ಮೀ. ಮೀರದ ಮೂರರವರೆಗೆ. ಗಾತ್ರ ಚಿಕ್ಕದಿದ್ದರೂ ಎಎಫ್‌ಪಿ ವಿಪರೀತ ಹೆಚ್ಚಿದ್ದರೆ ಕಸಿಯ ಅನಂತರ ಕ್ಯಾನ್ಸರ್ ಮರುಕಳಿಸುವ ಸಂಭವ ಹೆಚ್ಚೆಂದು ಆಮೇಲೆ ತಿಳಿಯಿತು. 2012ರಲ್ಲಿ ಫ್ರಾನ್ಸಿನ ಸಂಶೋಧಕರು ಗಾತ್ರದ ಜೊತೆಗೆ ಎಎಫ್‌ಪಿಯನ್ನೂ ಸೇರಿಸಿದ ಅಂಕಪದ್ಧತಿ ಪ್ರಕಟಿಸಿದರು. ಕಸಿಗೆ ಕಾಯುವವರ ಸರದಿಯನ್ನು ತೀರ್ಮಾನಿಸುವ 'ಮೆಲ್ಡ್' ಅಂಕವೂ ರಕ್ತದ ಸೂಚಕಗಳಿಂದಲೇ ಕಟ್ಟಿದ್ದು. ಬಿಲಿರುಬಿನ್, ಕ್ರಿಯಾಟಿನಿನ್ ಮತ್ತು ರಕ್ತ ಹೆಪ್ಪುಗಟ್ಟುವ ಅವಧಿಯಿಂದ ಅದನ್ನು ಲೆಕ್ಕಹಾಕುತ್ತಾರೆ. 2001ರಲ್ಲಿ ಅದನ್ನು ಮಂಡಿಸಿದ ಪ್ರಬಂಧದ ಮೊದಲ ಲೇಖಕ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಮೆರಿಕದ ಮೇಯೊ ಕ್ಲಿನಿಕ್ ಸೇರಿದ ಪ್ಯಾಟ್ರಿಕ್ ಕಾಮತ್.

ಇವೆಲ್ಲ ರೋಗ ಬಂದ ಮೇಲಿನ ಗುರುತುಗಳು. ಕಾರಣದ ಗುರುತು ಸಿಗಬೇಕಾದರೆ ಅಫ್ಲಾಟಾಕ್ಸಿನ್ ಯಕೃತ್ತಿನಲ್ಲಿ ಏನಾಗುತ್ತದೆ ಎಂದು ತಿಳಿಯಬೇಕಿತ್ತು. ತಿಳಿದ ಸಂಗತಿ ವಿಚಿತ್ರವಾಗಿದೆ. ಬಿ1 ಅಣು ತಾನಾಗಿ ಡಿಎನ್‌ಎಗೆ ಅಂಟುವುದಿಲ್ಲ. ಪರಕೀಯ ಪದಾರ್ಥಗಳನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ಯಕೃತ್ತಿನಲ್ಲಿ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳಿವೆ. ಅವು ಬಿ1 ಅಣುವಿಗೆ ಆಕ್ಸಿಜನ್ ಸೇರಿಸುತ್ತವೆ. ಆಗ ಹುಟ್ಟುವ ಎಪಾಕ್ಸೈಡ್ ಬಹಳ ಚಟುವಟಿಕೆಯದು, ಕ್ಷಣಾರ್ಧದಲ್ಲಿ ಸಿಕ್ಕಿದ್ದಕ್ಕೆ ಅಂಟುತ್ತದೆ. ಮನೆ ಗುಡಿಸಲು ಹೋದವನೇ ಬೆಂಕಿ ಹಚ್ಚಿದಂತಾಯಿತು. ಡಿಎನ್‌ಎಯ ಗ್ವಾನಿನ್‌ಗೆ ಅದು ಅಂಟಿದರೆ ಆನುವಂಶಿಕ ಸಂದೇಶದಲ್ಲಿ ತಪ್ಪು ನುಸುಳಬಹುದು. ಹೀಗೆ ಅಂಟಿದ ಜೋಡಿಯನ್ನು ಅಡಕ್ಟ್ ಎನ್ನುತ್ತಾರೆ. ಅದರ ರಚನೆಯನ್ನು 1977ರಲ್ಲಿ ಗುರುತಿಸಿದರು.

ಈ ಜೋಡಿ ಡಿಎನ್‌ಎಯಿಂದ ಕಳಚಿ ಮೂತ್ರದಲ್ಲಿ ಹೊರಬರುತ್ತದೆ, ಅಳೆಯಬಹುದು; ಆದರೆ ಅದು ಹೇಳುವುದು ಕಳೆದ ಒಂದೆರಡು ದಿನಗಳ ಊಟದ ಸುದ್ದಿ ಮಾತ್ರ. ಎಪಾಕ್ಸೈಡ್‌ನ ಒಂದು ಪಾಲು ಯಕೃತ್ತೇ ತಯಾರಿಸುವ ರಕ್ತದ ಆಲ್ಬುಮಿನ್ ಪ್ರೋಟೀನಿನ ಲೈಸೀನ್‌ಗೂ ಅಂಟುತ್ತದೆಂದು 1987ರಲ್ಲಿ ತಿಳಿಯಿತು. ಆಲ್ಬುಮಿನ್‌ನ ಅರ್ಧಾಯುಷ್ಯ ಸುಮಾರು 20 ದಿನ. ಇಂದು ಅಂಟಿದ ಗುರುತು 20 ದಿನಕ್ಕೆ ಅರ್ಧ, 40ಕ್ಕೆ ಕಾಲು, 60 ದಿನಕ್ಕೆ ಎಂಟನೆಯ ಒಂದು ಭಾಗ ಉಳಿಯುತ್ತದೆ. ಹಾಗಾಗಿ ಒಂದೇ ಹನಿ ರಕ್ತ ಎರಡು ಮೂರು ತಿಂಗಳ ಲೆಕ್ಕ ಒಪ್ಪಿಸುತ್ತದೆ. ವಿಕಿರಣಶೀಲತೆಯ ಪಾಠದಲ್ಲಿ ಅರ್ಧಾಯುಷ್ಯ ಕಲಿಸುವ ಅಧ್ಯಾಪಕರಿಗೆ ಇದು ಒಳ್ಳೆಯ ಉದಾಹರಣೆ.

ಈ ಸೂಚಕಗಳ ನಿಜವಾದ ಪರೀಕ್ಷೆ ನಡೆದದ್ದು ಚೀನಾದ ಶಾಂಘೈಯಲ್ಲಿ. 1986ರಿಂದ 1989ರವರೆಗೆ 18,244 ಗಂಡಸರ ರಕ್ತ ಮತ್ತು ಮೂತ್ರವನ್ನು ಸಂಗ್ರಹಿಸಿ ಶೀತಲ ಪೆಟ್ಟಿಗೆಯಲ್ಲಿಟ್ಟರು. ಏನೇನು ತಿನ್ನುತ್ತೀರಿ ಎಂದು ಪ್ರಶ್ನಾವಳಿಯನ್ನೂ ತುಂಬಿಸಿಕೊಂಡರು. ಮುಂದೆ ಅವರಲ್ಲಿ ಯಾರಿಗೆ ಯಕೃತ್ತಿನ ಕ್ಯಾನ್ಸರ್ ಬಂತೆಂದು ಕಾದು ನೋಡಿ, ಅವರ ಹಳೆಯ ಮೂತ್ರವನ್ನು ತೆಗೆದು ಅಳೆದರು. ಪ್ರಶ್ನಾವಳಿಯ ಉತ್ತರಗಳಿಗೂ ಕ್ಯಾನ್ಸರಿಗೂ ಸಂಬಂಧವೇ ಕಾಣಲಿಲ್ಲ! ಮೂತ್ರದ ಗುರುತಿಗೆ ಸ್ಪಷ್ಟ ಸಂಬಂಧವಿತ್ತು. ತಿಂದ ಊಟ ನೆನಪಿರಬಹುದು, ಊಟದಲ್ಲಿದ್ದ ಬೂಷ್ಟನ್ನು ಯಾರು ತಾನೆ ನೆನಪಿಡುತ್ತಾರೆ?

1994ರಲ್ಲಿ ಪ್ರಕಟವಾದ ಅಂಕಿಗಳನ್ನು ನೋಡಿ. ಅಫ್ಲಾಟಾಕ್ಸಿನ್ ಗುರುತು ಮಾತ್ರ ಇದ್ದವರಿಗೆ ಕ್ಯಾನ್ಸರಿನ ಸಂಭವ 3.4 ಪಟ್ಟು, ಹೆಪಟೈಟಿಸ್ ಬಿ ವೈರಸ್ ಮಾತ್ರ ಇದ್ದವರಿಗೆ 7.3 ಪಟ್ಟು. ಎರಡೂ ಇದ್ದವರಿಗೆ? ಕೂಡಿದರೆ 11 ಆಗುವುದಿಲ್ಲ, ಗುಣಿಸಿದರೆ 25, ನಿಜವಾಗಿ ಕಂಡದ್ದು 59 ಪಟ್ಟು. ವೈರಸ್ ಯಕೃತ್ತಿನ ಕೋಶಗಳನ್ನು ಮತ್ತೆ ಮತ್ತೆ ಸಾಯಿಸಿ ಹೊಸ ಕೋಶಗಳು ವಿಭಜನೆಯಾಗುವಂತೆ ಮಾಡುತ್ತದೆ. ಆ ಅವಸರದಲ್ಲಿ ವಿಷದಿಂದಾದ ತಪ್ಪು ತಿದ್ದುಪಡಿಯಾಗದೆ ಉಳಿಯುತ್ತದೆ ಎಂಬುದು ಒಂದು ವಿವರಣೆ. ಈ ಕಾರಣಕ್ಕೆ ಮಗು ಹುಟ್ಟಿದ ಕೂಡಲೆ ಕೊಡುವ ಹೆಪಟೈಟಿಸ್ ಬಿ ಲಸಿಕೆ ಅಫ್ಲಾಟಾಕ್ಸಿನ್ ವಿರುದ್ಧವೂ ಅರ್ಧ ಕವಚ.

ತಪ್ಪು ಎಲ್ಲಿ ಉಳಿಯುತ್ತದೆ ಎಂಬುದೂ ಸಿಕ್ಕಿದೆ. ಕ್ಯಾನ್ಸರಿಗೆ ತಡೆಯೊಡ್ಡುವ ಪಿ53 ಜೀನಿನ 249ನೆಯ ಸಂಕೇತದಲ್ಲಿ ಒಂದು 'ಜಿ' ಅಕ್ಷರ 'ಟಿ' ಆಗಿ, ಅರ್ಜಿನೀನ್ ಬರಬೇಕಾದಲ್ಲಿ ಸೆರೀನ್ ಬರುತ್ತದೆ. ಚೀನಾದ ಚಿಡಾಂಗ್ ಪ್ರದೇಶದ ಮತ್ತು ದಕ್ಷಿಣ ಆಫ್ರಿಕಾದ ಗಡ್ಡೆಗಳಲ್ಲಿ ಇದೇ ಒಂದು ತಪ್ಪು ಪದೇ ಪದೇ ಇರುವುದನ್ನು 1991ರಲ್ಲಿ ಎರಡು ತಂಡಗಳು 'ನೇಚರ್'ನಲ್ಲಿ ಪ್ರಕಟಿಸಿದವು. ಅಫ್ಲಾಟಾಕ್ಸಿನ್ ಹೆಚ್ಚಿಲ್ಲದ ದೇಶಗಳ ಗಡ್ಡೆಗಳಲ್ಲಿ ಅದು ಅಪರೂಪ. ವಿಷ ತನ್ನ ರುಜು ಹಾಕಿ ಹೋಗಿತ್ತು.

2004ರಲ್ಲಿ ಕೆನ್ಯಾದಲ್ಲಿ ಬಾಂಸವಾಡಾದ ದುರಂತ ಮರುಕಳಿಸಿತು. ಅದೇ ಮೆಕ್ಕೆಜೋಳ, ಅದೇ ತೇವ. 317 ಜನ ಕಾಯಿಲೆ ಬಿದ್ದು 125 ಮಂದಿ ಸತ್ತರು. ಈ ಸಲ ರೋಗಿಗಳ ಮತ್ತು ನೆರೆಹೊರೆಯ ಆರೋಗ್ಯವಂತರ ರಕ್ತದಲ್ಲಿ ಆಲ್ಬುಮಿನ್ ಗುರುತನ್ನು ಅಳೆದು, ರೋಗಿಗಳಲ್ಲಿ ಅದು ಹೆಚ್ಚಿರುವುದನ್ನು ತೋರಿಸಿದರು. 1974ರಲ್ಲಿ ಕೈಗೆಟುಕದ ಸಾಧನ ಮೂವತ್ತು ವರ್ಷದಲ್ಲಿ ಬಂದಿತ್ತು. ಜೋಳ ಒಣಗಿಸುವ ಜಾಗ ಮಾತ್ರ ಆ ಹಳ್ಳಿಗಳಿಗೆ ಬಂದಿರಲಿಲ್ಲ. 2002ರಲ್ಲಿ ಪಶ್ಚಿಮ ಆಫ್ರಿಕಾದ ಬೆನಿನ್ ಮತ್ತು ಟೋಗೊದ 480 ಮಕ್ಕಳ ರಕ್ತ ಪರೀಕ್ಷಿಸಿದಾಗ 99 ಶೇಕಡಾ ಮಕ್ಕಳಲ್ಲಿ ಆಲ್ಬುಮಿನ್ ಗುರುತಿತ್ತು. ಗುರುತು ಹೆಚ್ಚಿದ್ದ ಮಕ್ಕಳು ಕುಳ್ಳಗಿದ್ದರು, ಎದೆಹಾಲು ಬಿಟ್ಟವರಲ್ಲಿ ಗುರುತು ಹೆಚ್ಚಿತ್ತು. ಎದೆಹಾಲು ಬಿಟ್ಟು ಬಡತನದ ಊಟಕ್ಕೆ ಇಳಿದ ಮಗು. ಮೈಸೂರಿನ ವೈದ್ಯರ ಮುಂದೆ ಬಂದಿದ್ದ ಮಕ್ಕಳೂ ಅದೇ ವಯಸ್ಸಿನವರು.

ಮನಸ್ಸಿಗೆ ಸಮಾಧಾನ ಕೊಡುವ ಅಧ್ಯಾಯ ಚಿಡಾಂಗ್‌ನದು. ಅಲ್ಲಿನ ಜನರ ಮುಖ್ಯ ಆಹಾರ ಮೆಕ್ಕೆಜೋಳವಾಗಿತ್ತು, ಯಕೃತ್ತಿನ ಕ್ಯಾನ್ಸರಿಗೆ ಆ ಸೀಮೆ ಕುಪ್ರಸಿದ್ಧ. 1980ರ ದಶಕದಲ್ಲಿ ಆರ್ಥಿಕ ನೀತಿ ಬದಲಾಗಿ ಅವರು ಅಕ್ಕಿ ಕೊಂಡು ತಿನ್ನತೊಡಗಿದರು. ಬೇರೆ ಬೇರೆ ವರ್ಷ ಸಂಗ್ರಹಿಸಿಟ್ಟ ರಕ್ತವನ್ನು ಅಳೆದ ವರದಿ 2013ರಲ್ಲಿ ಬಂತು. 1989ರ ರಕ್ತದಲ್ಲಿ ಧಾರಾಳವಾಗಿದ್ದ ಗುರುತು 2009ರ ಹೊತ್ತಿಗೆ ಬಹುತೇಕರಲ್ಲಿ ಅಳತೆಗೆ ಸಿಗದಷ್ಟು ಇಳಿದಿತ್ತು, ಕ್ಯಾನ್ಸರಿನ ಸಾವುಗಳೂ ಇಳಿದಿದ್ದವು. ಲಸಿಕೆಯ ಫಲ ಇನ್ನೂ ಆ ವಯಸ್ಸಿನವರನ್ನು ತಲುಪಿರಲಿಲ್ಲ. ಇಳಿಕೆಯ ದೊಡ್ಡ ಪಾಲು ತಟ್ಟೆಯಲ್ಲಾದ ಬದಲಾವಣೆಗೇ ಸಲ್ಲಬೇಕು.

ನಮ್ಮಲ್ಲಿ ಇಂಥ ದೀರ್ಘ ಅಧ್ಯಯನಗಳ ಕೊರತೆ ಎದ್ದು ಕಾಣುತ್ತದೆ. ಹೈದರಾಬಾದಿನ ಸಮೀಪದ ಇಕ್ರಿಸ್ಯಾಟ್ ಸಂಸ್ಥೆ ಕಾಳಿನ ಅಫ್ಲಾಟಾಕ್ಸಿನ್ ಅಳೆಯುವ ಅಗ್ಗದ ಪ್ರತಿಕಾಯ ಪರೀಕ್ಷೆಯನ್ನು ರೂಪಿಸಿತು. ಅಲ್ಲಿನವರು ರೋಗಿಗಳ ರಕ್ತದಲ್ಲಿ ಆಲ್ಬುಮಿನ್ ಗುರುತು, ಪಿ53 ದೋಷ, ಹೆಪಟೈಟಿಸ್ ಬಿ ಮೂರನ್ನೂ ಒಟ್ಟಿಗೆ ಹುಡುಕಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಭಾರತದ ಯಕೃತ್ತಿನ ಕ್ಯಾನ್ಸರಿನಲ್ಲಿ ಹೆಪಟೈಟಿಸ್ ವೈರಸ್, ಮದ್ಯ, ಈಚೆಗೆ ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಪಾಲು ದೊಡ್ಡದು. ಅಫ್ಲಾಟಾಕ್ಸಿನ್‌ನ ಪಾಲು ಎಷ್ಟು ಎಂಬುದನ್ನು ಹಳ್ಳಿಗಳ ರಕ್ತ ಅಳೆದೇ ಹೇಳಬೇಕು, ಊಹೆಯಿಂದ ಹೇಳಿ ಪ್ರಯೋಜನವಿಲ್ಲ. ಮಳೆಗಾಲ ದೀರ್ಘವಾದ ಕರಾವಳಿ ಇಂಥ ಅಧ್ಯಯನಕ್ಕೆ ಹೇಳಿ ಮಾಡಿಸಿದ ಜಾಗ: ಬ್ರಹ್ಮಾವರದಲ್ಲಿ ಕೃಷಿ ಸಂಶೋಧನ ಕೇಂದ್ರವಿದೆ, ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜಿದೆ, ನಡುವೆ ಇರುವುದು ಅರ್ಧ ಗಂಟೆಯ ಬಸ್ಸಿನ ದಾರಿ.

ಗದ್ದೆಯಲ್ಲಿ ಮಾಡಬೇಕಾದದ್ದಕ್ಕೆ ಯಾವ ಸೂಚಕವೂ ಬೇಕಾಗಿಲ್ಲ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ನೆಲ ತೀರ ಒಣಗಿದರೆ ಶಿಲೀಂಧ್ರ ಮಣ್ಣಿನಲ್ಲಿರುವಾಗಲೇ ಕಾಯಿಯನ್ನು ಹೊಗುತ್ತದೆ, ಆಗ ಒಂದು ನೀರು ಕೊಡುವುದು ಲೇಸು. ಕಿತ್ತ ಗಿಡವನ್ನು ಬುಡ ಮೇಲಾಗಿಸಿ, ಕಾಯಿ ನೆಲಕ್ಕೆ ತಾಗದಂತೆ ಒಣಗಿಸಬೇಕು. ಗುದ್ದಲಿ ತಾಗಿ ಒಡೆದ ಕಾಯಿ, ಮುದುಡಿದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ತೆಗೆಯಬೇಕು. ಹಾಗೆ ತೆಗೆದದ್ದನ್ನು ದನಕ್ಕೆ ಹಾಕಬಾರದು, ಹಾಲಿನಲ್ಲಿ ಎಂ1 ಆಗಿ ನಮಗೇ ಮರಳುತ್ತದೆ. ಕಾಯಿಯ ತೇವಾಂಶ ಶೇಕಡಾ 8ರ ಆಸುಪಾಸಿಗೆ ಇಳಿಯುವ ತನಕ ಚೀಲ ಕಟ್ಟಬಾರದು. ಅಳೆಯುವ ಉಪಕರಣ ಇಲ್ಲದವರು ಒಂದು ಹಿಡಿ ಕಾಯಿ ಕೈಯಲ್ಲಿ ಹಿಡಿದು ಕುಲುಕಿ ನೋಡುತ್ತಾರೆ. ಚೆನ್ನಾಗಿ ಒಣಗಿದ್ದರೆ ಬೀಜಗಳು ಸಿಪ್ಪೆಯೊಳಗೆ ಗಲಗಲ ಎನ್ನುತ್ತವೆ.